ಉಪ್ಪಿನ ಕೋಟೆಯ ಕಾವಲುಗಾರ

ಅಮ್ಮಾನಿನ ಲುವೈಬ್ದೆ ಗುಡ್ಡದ ಮೇಲಿನ ಆ ಸ್ಟುಡಿಯೋದಲ್ಲಿ ವಜೀಹ್ ಎಷ್ಟೋ ವರ್ಷಗಳಿಂದ ತೋಳನಾಗಿದ್ದ, ಕರಡಿಯಾಗಿದ್ದ, ಹಡಗಿನ ಅಡುಗೆಯವನಾಗಿದ್ದ, ಯಾರದೋ ಸಿಡುಕು ಅಜ್ಜನಾಗಿದ್ದ. ಪರದೇಶದಿಂದ ಬರುವ ಕಾರ್ಟೂನುಗಳಿಗೆ ಅರಬ್ಬಿ ಮಾತು ಹಾಕುವುದು ಅವನ ಕಸುಬು. ಬಸ್ರಾದಿಂದ ತಾಂಜಾದವರೆಗೆ ಒಂದು ತಲೆಮಾರಿನ ಮಕ್ಕಳು ಅವನ ದನಿ ಕೇಳುತ್ತ ಬೆಳೆದಿದ್ದರು. ಮುಖ ಮಾತ್ರ ಅವನ ಬೀದಿಯ ರೊಟ್ಟಿ ಅಂಗಡಿಯವನಿಗೂ ಸರಿಯಾಗಿ ನೆನಪಿರುತ್ತಿರಲಿಲ್ಲ. ಮದುವೆಯಾಗಿರಲಿಲ್ಲ. ತನ್ನವರು ಅಂತ ಇದ್ದದ್ದು ಜರ್ಕಾದಲ್ಲಿದ್ದ ಅಣ್ಣ ಮಿತ್ಕಾಲ್, ಅತ್ತಿಗೆ ನಾಯಿಫಾ, ಅವರ ಮಗ ಗೈಸ್, ಇಷ್ಟೇ. ಶುಕ್ರವಾರ ಬಂತೆಂದರೆ ಊಟಕ್ಕೆ ಅಲ್ಲಿಗೆ ಹೋಗುವುದು ತಪ್ಪುತ್ತಿರಲಿಲ್ಲ.

ಆ ಚಳಿಗಾಲ ಅವನ ಪಾಲಿಗೆ ಬಂದದ್ದು ಕಾರ್ಟೂನಲ್ಲ, ವಿಡಿಯೋ ಗೇಮು. ಹೆಸರು ‘ಉಪ್ಪಿನ ಕೋಟೆ’. ಸೆರೆಯಲ್ಲಿರುವ ಅಪ್ಪನನ್ನು ಬಿಡಿಸಿಕೊಳ್ಳಲು ಒಬ್ಬ ಹುಡುಗಿ ಕೋಟೆಯೊಳಗೆ ನುಸುಳಬೇಕು. ಅವಳ ಕೈಯಲ್ಲಿ ಕತ್ತಿಯಿಲ್ಲ, ಬಂದೂಕಿಲ್ಲ. ನೆರಳಲ್ಲಿ ಅಡಗಬೇಕು, ಸದ್ದಾಗದಂತೆ ತೆವಳಬೇಕು, ಕಾವಲಿನವರು ಬೆನ್ನು ತಿರುಗಿಸಿದಾಗ ದಾಟಬೇಕು. ಆಗದಿದ್ದರೆ ಹಿಂದಿನಿಂದ ಹೋಗಿ ಕತ್ತು ಹಿಸುಕಬೇಕು. ಒಳಬಾಗಿಲಲ್ಲಿ ಒಬ್ಬ ಮುದಿ ಕಾವಲುಗಾರ ಕೂತಿರುತ್ತಾನೆ. ತಲೆಯ ಮೇಲೆ ನೇತಾಡುವ ಗಂಟೆಯಿಂದಾಗಿ ಅವನಿಗೆ ಅಬು ಜರಸ್, ಅಂದರೆ ಗಂಟೆಯಪ್ಪ, ಅನ್ನುವ ಹೆಸರು. ಸೊಂಟದಲ್ಲಿ ಬೀಗದ ಕೈ. ವಜೀಹ್ ಅವನಿಗೆ ದನಿಯಾಗಬೇಕಿತ್ತು.

ಬರೆದುಕೊಟ್ಟ ಮಾತು ಪುಸ್ತಕದ ಭಾಷೆಯಲ್ಲಿತ್ತು. “ನಿಲ್ಲು! ಅಲ್ಲಿರುವವನು ಯಾರು?” ಎಂದು ವಜೀಹ್ ಗುಡುಗಿದ. ಗಾಜಿನ ಆಚೆ ಕೂತಿದ್ದ ನಿರ್ದೇಶಕಿ ಲುಬಾನಾ ತಲೆ ಚಚ್ಚಿಕೊಂಡಳು. ಚಿಕ್ಕ ವಯಸ್ಸಿನವಳು, ಬಾಯಿ ಮಾತ್ರ ದೊಡ್ಡದು.

“ಉಸ್ತಾದ್, ಇವನೇನು ವಾರ್ತೆ ಓದ್ತಿದಾನಾ? ಪಾಪದ ಮುದುಕ, ರಾತ್ರಿಯೆಲ್ಲ ಚಳೀಲಿ ಕೂತಿದಾನೆ. ಏನೋ ಸದ್ದಾಯ್ತು. ಅವನ ಬಾಯಲ್ಲಿ ಏನು ಬರುತ್ತೆ? ಕಾಗದ ಅತ್ಲಾಗಿಟ್ಟು ನಿಮಗೆ ತೋಚಿದ್ದು ಹೇಳಿ.”

ವಜೀಹ್ ಕಣ್ಣು ಮುಚ್ಚಿದ. ಎದೆಯಾಳದಿಂದ ಒಂದು ಕೆಮ್ಮು ಬಂತು, ಕಫ ಅಲುಗಾಡಿ ಮತ್ತೆ ಕೂತ ಹಾಗೆ. ಆಮೇಲೆ ಮಾತು ತಾನಾಗಿ ಬಂತು: “ಯಾರಪ್ಪಾ ಅದು? ಬೆಕ್ಕಾದ್ರೆ ಮಿಯಾಂವ್ ಅನ್ನು. ಮನುಷ್ಯನಾದ್ರೆ ಬಾ, ಚಹಾ ಇನ್ನೂ ಬಿಸಿ ಇದೆ.”

ಲುಬಾನಾ ಮೈಕಿಗೆ ಬಾಯಿಟ್ಟು ಮೆಲ್ಲಗೆ ಹೇಳಿದಳು: “ಇದೇ. ಇವನೇ. ಇನ್ನಷ್ಟು ಕೊಡಿ.”

ಕೊಟ್ಟ. ಮೊಣಕಾಲು ಉಜ್ಜುತ್ತ ಗೊಣಗಿದ, ಹೆಂಡತಿ ಹೆಣೆದ ಕಾಲುಚೀಲವನ್ನು ಹೊಗಳಿದ, “ಈ ಎಡಗಿವಿ ಇದ್ದೂ ಒಂದೇ, ಇಲ್ದಿದ್ರೂ ಒಂದೇ” ಎಂದು ಬೈದುಕೊಂಡ. ಒಂದು ಮಧ್ಯಾಹ್ನದಲ್ಲಿ ಎಲ್ಲ ಮುಗಿಯಿತು. ಲುಬಾನಾ ಎದ್ದು ಬಂದು ಅವನ ಹಣೆಗೆ ಮುತ್ತಿಟ್ಟಳು.

ಆ ಕೆಮ್ಮು, ಆ ಮಾತು, ಆ ಎಡಗಿವಿ, ಮೂರೂ ಅವನ ಅಣ್ಣ ಮಿತ್ಕಾಲನವು. ಮಿತ್ಕಾಲ್ ಹಿಂದೆ ರುಸೈಫಾದ ಒಂದು ಕಬ್ಬಿಣದ ಗೋದಾಮಿನಲ್ಲಿ ರಾತ್ರಿ ಕಾವಲಿಗಿದ್ದ. ಕತ್ತಲಲ್ಲಿ ಏನು ಸದ್ದಾದರೂ ಬೆಕ್ಕು, ಚಹಾ ಅಂತ ಹೀಗೇ ಕೂಗುತ್ತಿದ್ದ. ಒಂದು ರಾತ್ರಿ ಹಾಗೆ ಕೂಗಿದಾಗ ಬಂದದ್ದು ಬೆಕ್ಕಲ್ಲ. ಹಿಂದಿನಿಂದ ಕತ್ತು ಹಿಡಿದರು, ಕಂಬಿಯಿಂದ ತಲೆಗೆ ಹೊಡೆದರು. ಎಡಗಿವಿ ಆವತ್ತೇ ಹೋಯಿತು. ಕೆಲಸ ಆಮೇಲೆ ಹೋಯಿತು. ಕಳ್ಳರಿಗೆ ಬಾಗಿಲು ತೆಗೆದುಕೊಟ್ಟವನು ಇವನೇ ಇರಬೇಕು ಅಂತ ಮಾಲೀಕ ಅನುಮಾನಪಟ್ಟ. ಆಸ್ಪತ್ರೆಯಲ್ಲಿ ಪಕ್ಕ ಕೂತಿದ್ದ ತಮ್ಮನಿಗೆ ಮಿತ್ಕಾಲ್ ಇದನ್ನೆಲ್ಲ ಒಮ್ಮೆ ಹೇಳಿದ್ದ. ಮತ್ತೆ ಬಾಯಿಬಿಟ್ಟಿರಲಿಲ್ಲ.

ಮೈಕಿನ ಮುಂದೆ ನಿಂತಾಗ ವಜೀಹ್ ಇಷ್ಟೆಲ್ಲ ಯೋಚಿಸಲಿಲ್ಲ. ಕೆಲಸ ಚೆನ್ನಾಗಿ ಬಂತು ಅನ್ನುವ ಖುಷಿಯಲ್ಲಿ ಗುಡ್ಡ ಇಳಿದು ಬಂದ. ದಾರಿಯಲ್ಲಿ ಅರ್ಧ ಕಿಲೋ ಬಾದಾಮಿ ಕೊಂಡುಕೊಂಡ.

ಬೇಸಿಗೆಯ ಹೊತ್ತಿಗೆ ‘ಉಪ್ಪಿನ ಕೋಟೆ’ ಬಿಡುಗಡೆಯಾಯಿತು. ಗೇಮುಗಳ ಬಗ್ಗೆ ಬರೆಯುವವರೆಲ್ಲ ಹೊಗಳಿದ್ದೇ ಹೊಗಳಿದ್ದು. ಇಷ್ಟು ವರ್ಷ ಗೇಮುಗಳಲ್ಲಿ ಕಾವಲಿನವನೆಂದರೆ ನಡೆದಾಡುವ ಗೊಂಬೆ, ಇಲ್ಲಿ ಮಾತ್ರ ಮನುಷ್ಯ. ಒಬ್ಬನನ್ನು ಕೊಂದರೆ ಉಳಿದವರು ಅವನ ಹೆಸರು ಹಿಡಿದು ಕೂಗುತ್ತಾರೆ, ಅವನ ಚಹಾದ ಲೋಟವನ್ನು ಯಾರೂ ಮುಟ್ಟುವುದಿಲ್ಲ ಅಂತೆಲ್ಲ ಬರೆದರು. ಅರಬ್ಬಿ ಪತ್ರಿಕೆಗಳಂತೂ ಅಬು ಜರಸನ ದನಿಯ ಬಗ್ಗೆಯೇ ಪುಟ ತುಂಬಿಸಿದವು. ಒಂದು ದಿನ ಟ್ಯಾಕ್ಸಿಯಲ್ಲಿ ಕೂತು ವಜೀಹ್ ವಿಳಾಸ ಹೇಳಿದ್ದಷ್ಟೇ, ಡ್ರೈವರು ಗಾಡಿ ಪಕ್ಕಕ್ಕೆ ನಿಲ್ಲಿಸಿ ಹಿಂದಕ್ಕೆ ತಿರುಗಿದ.

“ಅಲ್ಲಾಣೆ, ನೀವು ಅಬು ಜರಸ್!”

ಜೀವನದಲ್ಲಿ ಮೊದಲ ಸಲ ಒಬ್ಬ ಅಪರಿಚಿತ ಅವನನ್ನು ಗುರುತು ಹಿಡಿದಿದ್ದ. ವಜೀಹ್ ಮನೆಗೆ ಬಂದು ಕನ್ನಡಿ ನೋಡಿಕೊಂಡ.

ಜನ ಹೇಗೆ ಆಡುತ್ತಾರೆ ನೋಡಬೇಕು ಅಂತ ಅವನಿಗೆ ಆಸೆಯಾಯಿತು. ಲುಬಾನಾ ಅವನನ್ನು ವಿಶ್ವವಿದ್ಯಾಲಯದ ಎದುರಿನ ಗೇಮಿಂಗ್ ಕೆಫೆಗೆ ಕರೆದುಕೊಂಡು ಹೋದಳು. ಮಧ್ಯಾಹ್ನದ ಹೊತ್ತು, ಹುಕ್ಕಾ ಹೊಗೆ, ಸಾಲು ಸಾಲು ಪರದೆಗಳು. ನಾಲ್ಕಾರು ಕಡೆ ‘ಉಪ್ಪಿನ ಕೋಟೆ’ಯೇ ಓಡುತ್ತಿತ್ತು. ಇಬ್ಬರೂ ಯಾರಿಗೂ ಹೇಳದೆ ಹಿಂದೆ ನಿಂತರು.

ಒಂದು ಪರದೆಯ ಮುಂದೆ ದೀಮಾ ಅನ್ನುವ ಹುಡುಗಿ, ಫಾರ್ಮಸಿ ಓದುತ್ತಿರುವವಳು, ಕೈಕಟ್ಟಿ ಕೂತಿದ್ದಳು. ಪರದೆಯಲ್ಲಿ ಅವಳ ನುಸುಳುಗಾತಿ ಕಂಬದ ನೆರಳಲ್ಲಿ ಕುಕ್ಕರುಗಾಲಲ್ಲಿದ್ದಳು. ಎದುರಿಗೆ ಅಬು ಜರಸ್ ತೂಕಡಿಸುತ್ತಿದ್ದ.

“ಇನ್ನೂ ಕಾಯ್ತಿದೀಯೇನೇ?” ಎಂದ ಪಕ್ಕದ ಕುರ್ಚಿಯ ಕಾಸಿಬ್. ಆಡುವುದನ್ನೇ ವಿಡಿಯೋ ಮಾಡಿ ಹಾಕಿ ಹೆಸರು ಮಾಡಿದವನು, ಬೋಳಿಸಿದ ತಲೆ. “ಎರಡು ಸೆಕೆಂಡಿನ ಕೆಲಸ. ಎಡಗಡೆಯಿಂದ ಹೋಗು, ಮುದುಕನಿಗೆ ಆ ಕಿವಿ ಕೇಳಲ್ಲ. ಕಟಕ್ ಅನ್ಸು, ಕೀಲಿ ತಗೋ.”

“ಕೊಲ್ಲಲ್ಲ ನಾನು. ಗಾಢ ನಿದ್ದೆ ಹತ್ತಿದ ಮೇಲೆ ಕೀಲಿ ಎಳ್ಕೋಬಹುದು.”

“ಎಳ್ಕೊಂಡ ಮೇಲೆ? ಬೆಳಗ್ಗೆ ಕೀಲಿ ಕಳೆದದ್ದಕ್ಕೆ ಅವನನ್ನ ಚಾವಟೀಲಿ ಹೊಡೆದು ಸಾಯಿಸ್ತಾರೆ, ಮುಂದಿನ ಭಾಗದಲ್ಲಿ ಕೇಳ್ಸುತ್ತೆ ನೋಡು. ನಿನ್ನ ಕರುಣೆ ಚಾವಟಿ ಏಟು. ನನ್ನದು ಒಂದೇ ಹಿಡಿತ. ಯಾರು ಒಳ್ಳೇವರು ಹೇಳು.”

“ನಾನು ಹೊಡೀಲಿಲ್ವಲ್ಲ.”

“ಅದೇ, ನೀನು ಕೈ ತೊಳ್ಕೊಂಡೆ.”

ಅವರಾಚೆ ಕೂತಿದ್ದ ಕನ್ನಡಕದವನು ಆಕಳಿಸಿದ. “ಇಬ್ಬರಿಗೂ ತಲೆ ಕೆಟ್ಟಿದೆ. ಒಂದು ಗಂಟೆ ಕಂಬದ ಹಿಂದೆ ಕುಕ್ಕರುಗಾಲು ಹಾಕೋದು ಒಂದು ಆಟವೇನ್ರೋ? ದುಡ್ಡು ಕೊಟ್ಟು ಮಂಡಿನೋವು ತಗೊಂಡೆ. ಆ ಮುದುಕ ಚಹಾ ಚಹಾ ಅಂತಿದ್ರೆ ನನಗೆ ನಿದ್ದೆ ಬರುತ್ತೆ.”

ವಜೀಹನಿಗೆ ನಗು ತಡೆಯಲಾಗಲಿಲ್ಲ. ಹಿಂದೆ ನಿಂತೇ ಕೆಮ್ಮಿ, “ಯಾರಪ್ಪಾ ಅದು? ಬೆಕ್ಕಾದ್ರೆ ಮಿಯಾಂವ್ ಅನ್ನು...” ಅಂದ. ಮೂವರೂ ಕುರ್ಚಿಯಿಂದ ಎಗರಿದರು. ಕೆಫೆಗೆ ಕೆಫೆಯೇ ಸುತ್ತ ನೆರೆಯಿತು. ಚಪ್ಪಾಳೆ, ಫೋಟೋ, ಪುದೀನ ಹಾಕಿದ ನಿಂಬೆರಸ. ಕಾಸಿಬ್ ಅವನ ಭುಜದ ಮೇಲೆ ಕೈಹಾಕಿ, “ಉಸ್ತಾದ್, ನಿಮ್ಮನ್ನ ನಾನು ಇನ್ನೂರು ಸಲ ಕೊಂದಿದೀನಿ, ಮಾಫಿ ಮಾಡಿ” ಅಂದಾಗ ಎಲ್ಲರ ಜೊತೆ ವಜೀಹನೂ ನಕ್ಕ. ಕಾಸಿಬ್ ಹೇಗೆ ಅಂತ ಮಾಡಿಯೂ ತೋರಿಸಿದ. ಪರದೆಯಲ್ಲಿ ಎಡಗಡೆಯಿಂದ ಎರಡು ತೋಳು ಬಂದು ಮುದುಕನ ಕತ್ತು ಸುತ್ತಿದವು. ಕೊನೆಗೆ ಹೊರಟ ಕೆಮ್ಮು ಅಣ್ಣ ಕೆಮ್ಮುವ ಹಾಗೇ ಇತ್ತು. ವಜೀಹ್ ನಿಂಬೆರಸದ ಲೋಟವನ್ನು ಮೇಜಿನ ಮೇಲಿಟ್ಟ. ಅಷ್ಟರಲ್ಲಿ ಇನ್ನಾರೋ ಫೋಟೋ ಕೇಳಿದರು. ಅವನು ಆ ಕಡೆ ತಿರುಗಿ ಹಲ್ಲು ಬಿಟ್ಟ.

ಮುಂದಿನ ಶುಕ್ರವಾರ ಜರ್ಕಾಕ್ಕೆ ಹೋದಾಗ ನಾಯಿಫಾ ಮಕ್ಲೂಬೆ ಮಾಡಿದ್ದಳು. ತಟ್ಟೆಯ ಮೇಲೆ ಪಾತ್ರೆ ಕವುಚಿ ಎತ್ತುವಾಗ ಅನ್ನ, ಬದನೆಕಾಯಿ, ಕೋಳಿ ಒಂದೂ ಕುಸಿಯದೆ ಗೋಪುರದ ಹಾಗೆ ನಿಂತಿತು. ಮಿತ್ಕಾಲ್ ಖುಷಿಯಿಂದ ತೊಡೆ ತಟ್ಟಿದ. ಗೋದಾಮಿನ ಕೆಲಸ ಹೋದ ಮೇಲೆ ಅವನು ಬಸ್ ನಿಲ್ದಾಣದ ಹತ್ತಿರ ಕೈಗಾಡಿಯಲ್ಲಿ ಬೇಯಿಸಿದ ತುರ್ಮುಸ್ ಕಾಳು, ಅವರೆ, ಜೋಳದ ತೆನೆ ಮಾರುತ್ತಿದ್ದ. ಅವನ ಕೂಗು ಮೂರು ಬೀದಿ ಆಚೆ ಕೇಳುತ್ತಿತ್ತು. ಅದನ್ನು ಕೇಳಿಯೇ ಹೆಂಗಸರು ಪಾತ್ರೆ ಕೊಟ್ಟು ಮಕ್ಕಳನ್ನು ಕಳಿಸುತ್ತಿದ್ದರು.

“ವಜೀಹ್, ಒಂದು ವಿಚಿತ್ರ ಕೇಳು,” ಎಂದ ಊಟದ ನಡುವೆ. “ಈಗೀಗ ಹುಡುಗರು ಗಾಡಿ ಹತ್ರ ಬಂದು ಬೆಕ್ಕಿನ ಥರ ಮಿಯಾಂವ್ ಅಂತಾರೆ. ಚಹಾ ಬಿಸಿ ಇದೆಯಾ ಹಾಜಿ ಅಂತಾರೆ. ಗೋದಾಮಿನ ಹಳಬರ ಮಕ್ಕಳೇನೋ ಅಂದ್ಕೊಂಡೆ. ಕೇಳಿದ್ರೆ ನಗ್ತಾರೆ. ನನ್ನ ಮಾತು ಅವರಿಗೆ ಹೇಗೆ ಗೊತ್ತು?”

ಗೈಸ್ ತಟ್ಟೆಯಿಂದ ತಲೆ ಎತ್ತಲಿಲ್ಲ. ಅವನು ಮೊಬೈಲ್ ರಿಪೇರಿ ಅಂಗಡಿಯವನು, ಗೇಮು ಬಂದ ಮೊದಲ ವಾರವೇ ಆಡಿದ್ದ. ಅಪ್ಪನಿಗೆ ಹೇಳಿರಲಿಲ್ಲ, ಅಷ್ಟೆ. ವಜೀಹ್ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದ.

“ನಾನೇ ಅಣ್ಣ,” ಎಂದ. “ಒಂದು ಗೇಮಿಗೆ ದನಿ ಕೊಟ್ಟೆ. ಅದರಲ್ಲೊಬ್ಬ ಕಾವಲುಗಾರ ಇದಾನೆ. ನಿನ್ನ ಮಾತು ಬಾಯಿಗೆ ಬಂತು, ಹೇಳಿಬಿಟ್ಟೆ.”

ಮಿತ್ಕಾಲನ ಮುಖವೆಲ್ಲ ಅರಳಿತು. “ಅಂದ್ರೆ ನಾನು ಸಿನಿಮಾದಲ್ಲಿ ಬಂದಿದೀನಿ ಅನ್ನು! ನಾಯಿಫಾ, ಕೇಳಿದ್ಯೇನೇ? ಹಾಕೋ ಗೈಸ್, ನೋಡೋಣ.”

“ಬೇಡಪ್ಪ, ಊಟ ಆಗ್ಲಿ,” ಎಂದ ಗೈಸ್.

“ಹಾಕೋ ಅಂದ್ರೆ.”

ಗೈಸ್ ಟಿವಿಗೆ ತಂತಿ ಸಿಕ್ಕಿಸಿದ. ಕೋಟೆ ಬಂತು, ನೆರಳು ಬಂತು, ಒಳಬಾಗಿಲು ಬಂತು. ಗಂಟೆಯ ಕೆಳಗೆ ಕೂತ ಮುದುಕನನ್ನು ನೋಡಿ ಮಿತ್ಕಾಲ್ ಮೊದಲು ನಕ್ಕ. “ಮೀಸೆ ನನ್ನದಲ್ಲ. ನಾನು ಇವನಿಗಿಂತ ಲಕ್ಷಣವಾಗಿದ್ದೆ.” ಮುದುಕ ಕೆಮ್ಮಿದ. ನಾಯಿಫಾ ಕೈಯಲ್ಲಿದ್ದ ಮೊಸರಿನ ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟಳು. ಮುದುಕ ಕಾಲುಚೀಲ ಹೊಗಳಿದ, ಎಡಗಿವಿಯನ್ನು ಬೈದ. ಮಿತ್ಕಾಲನ ಕೈ ತಾನಾಗಿ ಎಡಗಿವಿಗೆ ಹೋಯಿತು.

ಗೈಸ್ ದೂರದ ಕಂಬದ ಹಿಂದೆಯೇ ನಿಂತಿದ್ದ. ಮುಂದಕ್ಕೆ ಹೋಗಲು ಅವನಿಗೆ ಮನಸ್ಸಿರಲಿಲ್ಲ.

“ಯಾಕೋ ನಿಂತೆ? ಆಮೇಲೇನಾಗುತ್ತೆ?”

“ಎರಡು ಥರ ಇದೆಯಪ್ಪ. ಕಾಯ್ದು ಕೀಲಿ ತಗೋಬಹುದು. ಇಲ್ಲಾಂದ್ರೆ...”

“ಜನ ಯಾವ ಥರ ಮಾಡ್ತಾರೆ?”

“ಬಹಳ ಜನ ಎರಡನೇದು.”

“ಅದನ್ನೇ ತೋರ್ಸು.”

ಗೈಸ್ ಚಿಕ್ಕಪ್ಪನ ಮುಖ ನೋಡಿದ. ವಜೀಹ್ ನೆಲ ನೋಡುತ್ತಿದ್ದ. ಹುಡುಗಿ ಎಡಗಡೆಯಿಂದ ತೆವಳುತ್ತ ಬಂದಳು. ಮುದುಕನಿಗೆ ಏನೋ ಸದ್ದು ಕೇಳಿಸಿತು. “ಯಾರಪ್ಪಾ ಅದು?” ಎಂದ.

“ತಿರುಗು,” ಎಂದ ಮಿತ್ಕಾಲ್, ಪರದೆಗೆ. “ತಿರುಗೋ. ಆ ಕಡೆ ಅಲ್ಲ, ಈ ಕಡೆ.” ಅವನು ಅರ್ಧ ಎದ್ದು ನಿಂತಿದ್ದ. “ಗೈಸ್, ಅವನು ತಿರುಗೋ ಹಾಗೆ ಮಾಡೋ.”

“ಅವನು ತಿರುಗಲ್ಲಪ್ಪ. ಹಾಗೆ ಮಾಡಿಟ್ಟಿದಾರೆ.”

ತೋಳುಗಳು ಕತ್ತು ಸುತ್ತಿದವು. ಮಿತ್ಕಾಲ್ ಕೂತ. ಮತ್ತೆ ಯಾರೂ ಅನ್ನಕ್ಕೆ ಕೈ ಹಾಕಲಿಲ್ಲ. ಮಿತ್ಕಾಲ್ ಕೇಳಿದ: “ಕಾಯ್ದು ಕೀಲಿ ತಗೊಂಡ್ರೆ?”

“ಬೆಳಗ್ಗೆ ಅವನಿಗೆ ಚಾವಟಿ ಏಟು,” ಎಂದ ಗೈಸ್.

“ಹೂಂ. ಕೊಲ್ಲದೆ ಬಿಟ್ರೂ ಅಷ್ಟೇ,” ಎಂದ ಮಿತ್ಕಾಲ್. ಆಮೇಲೆ ತಮ್ಮನ ಕಡೆ ತಿರುಗಿದ. ದನಿಯಲ್ಲಿ ಕೋಪ ಇರಲಿಲ್ಲ. ಇದ್ದಿದ್ದರೆ ವಜೀಹನಿಗೆ ಹಗುರಾಗುತ್ತಿತ್ತು. “ಆಸ್ಪತ್ರೇಲಿ ನಿನಗೊಬ್ಬನಿಗೇ ಹೇಳಿದ್ದೆ ಕಣೋ. ನಾಯಿಫಾಗೂ ಪೂರ್ತಿ ಹೇಳಿರಲಿಲ್ಲ.”

ಮಾರನೇ ದಿನವೇ ವಜೀಹ್ ಲುಬಾನಾಳ ಮುಂದೆ ಹೋಗಿ ನಿಂತ. ಆ ಮಾತು ತೆಗೆಸಬೇಕು, ಬೇರೆ ಏನಾದರೂ ಹೇಳಿ ತುಂಬುತ್ತೇನೆ, ಕೂಲಿ ಬೇಡ ಅಂದ. ಅವಳು ಎರಡು ಕಡೆ ಫೋನು ಮಾಡಿದಳು, ಕಾಗದ ಬರೆದಳು. ಗೇಮು ಮಾಡಿದವರಿಂದ ಸಭ್ಯವಾದ ಉತ್ತರ ಬಂತು: ಆ ಮಾತಿನಿಂದಲೇ ಅರಬ್ಬಿ ಆವೃತ್ತಿಗೆ ಹೆಸರು ಬಂದಿದೆ, ತೆಗೆಯಲಾಗದು, ಸೋದರರಿಗೆ ನಮ್ಮ ಗೌರವ ತಿಳಿಸಿ.

“ಗೌರವ!” ಎಂದಳು ಲುಬಾನಾ. “ಉಸ್ತಾದ್, ನನ್ನ ಕೈಲಿ ಆಗೋದು ಇಷ್ಟೇ.”

ಆಗ ವಜೀಹನಿಗೆ ಒಂದು ಉಪಾಯ ಹೊಳೆಯಿತು. ಅದು ಹೊಳೆಯದೇ ಇದ್ದಿದ್ದರೆ ಚೆನ್ನಾಗಿತ್ತು. ಒಂದು ಚಾನೆಲ್ಲಿನವರು ಅವನ ಸಂದರ್ಶನಕ್ಕೆ ಬಹಳ ದಿನದಿಂದ ಕಾಡುತ್ತಿದ್ದರು. ಹೋಗಿ ಕೂತ. ಕಾಮಿಡಿ ಮಾಡಲು ಕರೆದವರ ಎದುರು ಗೋದಾಮಿನ ಕತೆ ಪೂರ್ತಿ ಹೇಳಿದ. “ಆ ಕಾವಲುಗಾರ ನನ್ನ ಒಡಹುಟ್ಟಿದವನು. ಜರ್ಕಾದ ಬಸ್ ನಿಲ್ದಾಣದಲ್ಲಿ ತುರ್ಮುಸ್ ಮಾರ್ತಾನೆ. ಅವನಿಗೆ ಒಂದು ಸಲ ಆದದ್ದು ಸಾಕು. ಕೈಮುಗಿದು ಕೇಳ್ಕೋತೀನಿ, ಅವನನ್ನ ದಾಟಿಕೊಂಡು ಹೋಗಿ, ಮುಟ್ಟಬೇಡಿ,” ಎಂದು ಕಣ್ಣೊರೆಸಿಕೊಂಡ. ಇಷ್ಟೆಲ್ಲ ಹೇಳಬಾರದಿತ್ತು ಅಂತ ಮೆಟ್ಟಿಲಿಳಿಯುವಾಗ ಅನ್ನಿಸಿತು. ಹೆಸರು ಹೇಳದಿದ್ದರೂ ಊರು ಹೇಳಿದ್ದ, ತುರ್ಮುಸ್ ಹೇಳಿದ್ದ. ಅಷ್ಟು ಸಾಕಿತ್ತು.

ವಿಡಿಯೋ ಎರಡೇ ದಿನದಲ್ಲಿ ಎಲ್ಲರ ಫೋನಿಗೂ ಹೋಯಿತು. ಆಡುವವರಲ್ಲಿ ಎರಡು ಬಣಗಳಾದವು. ಒಂದು ಬಣ ಅಬು ಜರಸನನ್ನು ಮುಟ್ಟುವುದಿಲ್ಲ ಅಂತ ಆಣೆ ಮಾಡಿತು. ಇನ್ನೊಂದು, ಆಟ ಆಟವೇ, ಅಳುಬುರುಕ ಮುದುಕ ನಮಗೇನು ಹೇಳುವುದು ಅಂತ ಬೇಕೆಂದೇ ಹೊಸ ಹೊಸ ಥರ ಕೊಂದು ತೋರಿಸಿತು. ಈ ಗೇಮೇ ಬೇಸರ ಅನ್ನುತ್ತಿದ್ದವರೂ ಜಗಳ ನೋಡಲು ಬಂದರು. ಎಲ್ಲ ಬಗೆಯವರೂ ಒಬ್ಬೊಬ್ಬರಾಗಿ ಜರ್ಕಾದ ಬಸ್ ಹತ್ತಿದರು.

ಕೆಲವರು ಮಿತ್ಕಾಲನ ಬೆನ್ನ ಹಿಂದೆ ನುಸುಳುವ ಹಾಗೆ ನಟಿಸಿ ಫೋಟೋ ತೆಗೆಸಿಕೊಂಡರು. ಅವರನ್ನು ಬೈದು ಓಡಿಸಬಹುದಿತ್ತು. ಅಕ್ಕಪಕ್ಕದ ಗಾಡಿಯವರೂ ಸೌಟು ಹಿಡಿದು ಅಟ್ಟುತ್ತಿದ್ದರು. ಕಷ್ಟವಾದದ್ದು ಒಳ್ಳೆಯವರಿಂದ. ಅವರು ಕುನಾಫಾ ಸಿಹಿಯ ಡಬ್ಬಿ ತಂದರು. ಕೈಗೆ ಮುತ್ತಿಟ್ಟರು. “ಹಾಜಿ, ಗೊತ್ತಿಲ್ಲದೆ ನಿಮ್ಮನ್ನ ಕೊಂದುಬಿಟ್ಟೆ, ಕ್ಷಮಿಸಿ” ಅಂತ ಗಾಡಿಯ ಮುಂದೆ ಅತ್ತರು. ದೀಮಾ ಕೂಡ ಬಂದಿದ್ದಳು. ತಾನು ಒಂದೇ ಒಂದು ಸಲವೂ ಕೊಂದಿಲ್ಲ, ಕೀಲಿಯನ್ನೂ ಮುಟ್ಟದೆ ಆಟವನ್ನು ಅಲ್ಲಿಗೇ ಬಿಟ್ಟೆ ಅಂತ ಹೇಳಿ ಹೋದಳು. ಮಿತ್ಕಾಲ್ ಎಲ್ಲರಿಗೂ ಕಾಗದದ ಲೋಟದಲ್ಲಿ ಕಾಳು ತುಂಬಿ ಕೊಟ್ಟು, “ಪರವಾಗಿಲ್ಲ ಬಿಡಿ ಮಕ್ಕಳೆ” ಅನ್ನುತ್ತಿದ್ದ.

“ನಗೋರನ್ನ ಬೈತೀನಿ,” ಎಂದ ಒಂದು ದಿನ ಗೈಸನ ಹತ್ತಿರ. “ಅಳೋರನ್ನ ಏನು ಮಾಡ್ಲಿ? ದಿನಾ ನಾನು ಸತ್ತಿದೀನಿ ಅಂತ ನನಗೇ ಹೇಳೋಕೆ ಬರ್ತಾರೆ.”

ವಜೀಹ್ ಎರಡು ಶುಕ್ರವಾರ ಹೋಗಲಿಲ್ಲ. ಮೂರನೇದಕ್ಕೆ ಮೊದಲೇ ಗೈಸನ ಫೋನು ಬಂತು.

ಇರ್ಬಿದ್ ಕಡೆಯ ಒಬ್ಬ ಯುವಕ ಬಂದಿದ್ದನಂತೆ. ಗೇಮಿನಲ್ಲಿ ಎಂದೂ ಅಬು ಜರಸನನ್ನು ಕೊಲ್ಲದವನು, ಅವನ ಪರವಾಗಿ ಎಲ್ಲರ ಜೊತೆ ವಾದ ಮಾಡಿದವನು. ಮಿತ್ಕಾಲನ ಬೆನ್ನು ಕಂಡು ಅವನಿಗೆ ಪ್ರೀತಿ ಉಕ್ಕಿತು. ಓಡಿಬಂದು ಹಿಂದಿನಿಂದ ತಬ್ಬಿಕೊಂಡ. ಬಂದದ್ದು ಎಡಗಡೆಯಿಂದ. ಮಿತ್ಕಾಲನಿಗೆ ಹೆಜ್ಜೆ ಕೇಳಿಸಲಿಲ್ಲ. ಕತ್ತಿನ ಸುತ್ತ ತೋಳು ಬಿದ್ದದ್ದಷ್ಟೇ ಗೊತ್ತಾಯಿತು. ಅವನು ಬಾಯಿಬಿಟ್ಟು ಕೂಗಿದ, ಕೊಸರಿಕೊಂಡು ಮುಂದಕ್ಕೆ ಬಿದ್ದ, ಗಾಡಿ ಮಗುಚಿತು. ತೆನೆ ಬೇಯುತ್ತಿದ್ದ ಕುದಿನೀರು ಎದೆ, ಕೈ, ತೊಡೆಯ ಮೇಲೆ ಸುರಿಯಿತು.

ಆಸ್ಪತ್ರೆಯ ಮೊಗಸಾಲೆಯಲ್ಲಿ ಆ ಯುವಕ ಗೋಡೆಗೆ ತಲೆ ಚಚ್ಚಿಕೊಂಡು ಅಳುತ್ತಿದ್ದ. “ನಾನು ಅವರನ್ನ ಯಾವತ್ತೂ ಮುಟ್ಟಿಲ್ಲ ಉಸ್ತಾದ್, ನೀವು ಹೇಳೋಕೆ ಮೊದಲಿಂದಲೂ ಮುಟ್ಟಿಲ್ಲ” ಎಂದು ವಜೀಹನ ಕೈ ಹಿಡಿದ. ವಜೀಹನಿಗೆ ಅವನನ್ನು ಹೊಡೆಯಲೂ ಆಗಲಿಲ್ಲ, ಸಮಾಧಾನ ಮಾಡಲೂ ಆಗಲಿಲ್ಲ. ಪಕ್ಕದಲ್ಲಿ ಕೂತ, ಅಷ್ಟೆ.

ಸುಟ್ಟಗಾಯ ನಿಧಾನವಾಗಿ ಮಾಗಿತು. ಮಿತ್ಕಾಲ್ ಮನೆಗೆ ಬಂದ. ಮಾತು ಬರಲಿಲ್ಲ. ಮೊದಲು ನೋವಿಗೆ ಅಂದುಕೊಂಡರು. ಡಾಕ್ಟರು ಗಂಟಲಿಗೆ ದೀಪ ಬಿಟ್ಟು ನೋಡಿ ಎಲ್ಲ ಸರಿಯಾಗಿದೆ, ಮಾತಾಡಬೇಕು ಅನ್ನಿಸಿದ ದಿನ ಆಡುತ್ತಾರೆ ಅಂದರು. ಅನ್ನಿಸಲೇ ಇಲ್ಲ. ನೀರು ಬೇಕಾದರೆ ಬೆರಳು ತೋರಿಸುತ್ತಿದ್ದ. ಹಿಂದೆ ಬಾಗಿಲು ತೆಗೆದ ಸದ್ದಾದರೆ ಬೆಚ್ಚಿ ಇಡೀ ಮೈ ತಿರುಗಿಸಿ ನೋಡುತ್ತಿದ್ದ. ಕೆಮ್ಮು ಬಂದರೆ ಬಾಯಿಗೆ ದಿಂಬು ಒತ್ತಿಕೊಳ್ಳುತ್ತಿದ್ದ. ರಿಪೇರಿ ಮಾಡಿಸಿದ ಗಾಡಿಯನ್ನು ಗೈಸ್ ಕೆಲವು ದಿನ ತಾನೇ ನಿಲ್ದಾಣಕ್ಕೆ ತಳ್ಳಿಕೊಂಡು ಹೋದ. ಕೂಗುವವರಿಲ್ಲದ ಗಾಡಿಗೆ ಯಾರು ಬರುತ್ತಾರೆ? ಕೊನೆಗೆ ಬೇರೆಯವರಿಗೆ ಕೊಟ್ಟುಬಿಟ್ಟ.

ಆ ಹೊತ್ತಿಗೆ ಆಡುವವರು ಬೇರೆ ಗೇಮಿಗೆ ಹೋಗಿದ್ದರು. ನಿಲ್ದಾಣಕ್ಕೆ ಯಾರೂ ಬರುತ್ತಿರಲಿಲ್ಲ. ವರ್ಷದ ಕೊನೆಗೆ ‘ಉಪ್ಪಿನ ಕೋಟೆ’ಗೆ ದೊಡ್ಡ ದೊಡ್ಡ ಪ್ರಶಸ್ತಿಗಳು ಬಂದವು. ಲುಬಾನಾ ಫೋನು ಮಾಡಿದಳು. ಎರಡನೇ ಭಾಗ ಬರುತ್ತಿದೆ, ಅದರಲ್ಲಿ ಅಬು ಜರಸನ ಹಿಂದಿನ ಕತೆ ಇದೆ.

“ನಾನು ಮಾಡಲ್ಲ,” ಎಂದ ವಜೀಹ್.

“ನನಗೆ ಗೊತ್ತಿತ್ತು ಉಸ್ತಾದ್,” ಎಂದಳು ಲುಬಾನಾ. “ಆದ್ರೆ ಅವರು ಹೇಳ್ತಿದಾರೆ, ನೀವು ಬರದಿದ್ರೂ ನಡೆಯುತ್ತಂತೆ. ಇರೋ ದನಿ ಇಟ್ಕೊಂಡು ಯಂತ್ರದಲ್ಲಿ ಹೊಸ ಮಾತು ಮಾಡ್ಕೋತಾರಂತೆ. ನೀವು ಸಹಿ ಹಾಕಿದ ಕಾಗದದಲ್ಲಿ ಅದಕ್ಕೆ ಒಪ್ಪಿಗೆ ಇದೆ. ನಾನು ಜಗಳ ಆಡ್ದೆ. ನಿಮ್ಮಾಣೆ ಆಡ್ದೆ.”

“ಹೋಗ್ಲಿ ಬಿಡಮ್ಮ,” ಎಂದು ವಜೀಹ್ ಫೋನಿಟ್ಟ.

ಇದನ್ನು ಅಣ್ಣನಿಗೆ ತಾನೇ ಹೇಳಬೇಕು, ಬೇರೆಯವರಿಂದ ತಿಳಿಯಬಾರದು ಅಂತ ಜರ್ಕಾಕ್ಕೆ ಹೋದ. ಮಿತ್ಕಾಲ್ ಕಿಟಕಿಯ ಹತ್ತಿರ, ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ. ಈಗೀಗ ಅವನು ಬೇರೆಲ್ಲೂ ಕೂರುತ್ತಿರಲಿಲ್ಲ. ವಜೀಹ್ ಬಲಗಡೆ ಕೂತು, ಎಲ್ಲ ಹೇಳಿದ. ಮಿತ್ಕಾಲ್ ಕೇಳಿಸಿಕೊಂಡ. ಮುಖದಲ್ಲಿ ಏನೂ ಬದಲಾಗಲಿಲ್ಲ. ಕೊನೆಯಲ್ಲಿ ತಮ್ಮನ ಮೊಣಕಾಲನ್ನು ಒಮ್ಮೆ ತಟ್ಟಿದ. ಬಂದ ಅತಿಥಿಯನ್ನು ಕಳಿಸಿಕೊಡುವಾಗ ತಟ್ಟುವ ಹಾಗಿತ್ತು ಅದು.

ವಜೀಹ್ ಎದ್ದು ಅಡುಗೆಮನೆಗೆ ಬಂದ. ನಾಯಿಫಾ ಮೊಲೋಖಿಯಾ ಸೊಪ್ಪು ಬಿಡಿಸುತ್ತಿದ್ದಳು. ಸೊರಗಿದ್ದಳು. ಮಾತಾಡದವನ ಜೊತೆ ಇದ್ದು ಇದ್ದು ಅವಳ ಮಾತೂ ಸಣ್ಣಗಾಗಿತ್ತು.

“ನಿನ್ನ ಮೇಲೆ ನನಗೆ ಸಿಟ್ಟಿದೆ ವಜೀಹ್,” ಎಂದಳು ಸೊಪ್ಪಿನಿಂದ ಕಣ್ಣೆತ್ತದೆ.

“ಇರ್ಬೇಕು ಅತ್ತಿಗೆ.”

“ಇದೆ. ಆದ್ರೂ ಒಂದು ಕೇಳ್ತೀನಿ, ನಗಬೇಡ.” ಅವಳು ಕೈಯನ್ನು ನಿಲುವಂಗಿಗೆ ಒರೆಸಿಕೊಂಡಳು. “ನಲವತ್ತು ವರ್ಷ ಮನೆಗೆ ಬಂದ್ರೆ ಬಾಗಿಲಿಂದಲೇ ನಾಯಿಫಾ ಅಂತ ಕೂಗೋರು. ಈಗ ಮನೇಲಿ ನನ್ನ ಹೆಸರೇ ಕೇಳ್ಸಲ್ಲ. ಗೈಸ್ ಅಮ್ಮ ಅಂತಾನೆ, ಅಕ್ಕಪಕ್ಕದವರಿಗೆ ನಾನು ಉಮ್ಮು ಗೈಸ್, ಗೈಸನ ಅಮ್ಮ. ನಿನಗೆ ಅವರ ದನಿ ಬರುತ್ತಲ್ಲ... ಒಂದು ಸಲ. ಮೆಲ್ಲಗೆ. ಅವರಿಗೆ ಕೇಳ್ಸದ ಹಾಗೆ.”

ವಜೀಹ್ ಬೇಡ ಅನ್ನಬೇಕೆಂದುಕೊಂಡ. ಅವಳು ನಿಂತ ರೀತಿ ನೋಡಿ ಆಗಲಿಲ್ಲ. ಕಣ್ಣು ಮುಚ್ಚಿದ, ಎದೆಯಲ್ಲಿ ಉಸಿರು ತುಂಬಿಕೊಂಡ. “ನಾಯಿಫಾ,” ಎಂದ.

ಹೊರಟದ್ದು ಅಬು ಜರಸ್. ಅವನಿಗೇ ಗೊತ್ತಾಯಿತು. ಗಂಟೆಯ ಕೆಳಗಿನ ಮುದುಕ, ಆ ಗೊಗ್ಗರು, ಜನ ಚಪ್ಪಾಳೆ ತಟ್ಟುವ ಆ ನಡುಕ. ಗಂಟಲು ಸರಿಮಾಡಿಕೊಂಡು ಮತ್ತೆ ಕರೆದ. ಮತ್ತೆ ಅವನೇ ಬಂದ. ಗೇಮಿಗಿಂತ ಮುಂಚೆ ಅಣ್ಣ ಹೆಂಡತಿಯನ್ನು ಹೇಗೆ ಕರೆಯುತ್ತಿದ್ದ, ಮೊದಲಕ್ಷರ ಎಳೆಯುತ್ತಿದ್ದನೋ ಕೊನೆಯದೋ, ಅಂತ ನೆನಪು ಮಾಡಿಕೊಳ್ಳಲು ನೋಡಿದ. ಸಿಗಲಿಲ್ಲ. ಎಷ್ಟು ತಡಕಿದರೂ ಸಿಕ್ಕಿದ್ದೆಲ್ಲ ಸ್ಟುಡಿಯೋದಲ್ಲಿ ತಾನು ಮಾಡಿದ್ದು.

ನಾಯಿಫಾ ಕೈ ಅಡ್ಡ ಹಿಡಿದಳು. “ಸಾಕು ಬಿಡು. ಇದು ಅವರಲ್ಲ.”

ಒಳಕೋಣೆಯಲ್ಲಿ ಕುರ್ಚಿ ಸರಿದ ಸದ್ದಾಯಿತು. ಮಿತ್ಕಾಲ್ ಎದ್ದು ಬಾಗಿಲವರೆಗೆ ಬಂದಿದ್ದ. ಇಬ್ಬರನ್ನೂ ನೋಡಿದ. ಏನಾದರೂ ಅನ್ನುತ್ತಾನೇನೋ ಅಂತ ಇಬ್ಬರೂ ಕಾದರು. ಅವನು ಕೈ ಚಾಚಿ ಬಾಗಿಲನ್ನು ತನ್ನ ಕಡೆಗೆ ಎಳೆದುಕೊಂಡ. ಆ ಕಡೆಯಿಂದ ಅಗುಳಿ ಬಿತ್ತು.

ನಾಯಿಫಾ ಮತ್ತೆ ಸೊಪ್ಪಿನ ಮುಂದೆ ಕೂತಳು. “ಬಸ್ಸಿಗೆ ಹೊತ್ತಾಗುತ್ತೆ, ಹೊರಡು,” ಎಂದಳು. ವಜೀಹ್ ಹೊರಟ.